ಘಾಟಿ ಹತ್ತುವ ಲಾರಿಗೆ ಗಾಳಿ ಎಲ್ಲಿಂದ?

ಇದು ಶಿರಾಡಿ ಘಾಟಿ. ಮಂಗಳೂರು ಕಡೆಯಿಂದ ಲೋಡ್ ಹೊತ್ತ ಲಾರಿಗಳು ಗುಂಡ್ಯ ದಾಟಿ ಸಕಲೇಶಪುರದತ್ತ ಹತ್ತುತ್ತಿವೆ. ಎಂಜಿನ್ ತನ್ನ ಶಕ್ತಿಯನ್ನೆಲ್ಲ ಹಾಕುತ್ತಿದೆ, ಆದರೆ ಮುಂದಿನಿಂದ ಗಾಳಿ ನುಗ್ಗುವಷ್ಟು ವೇಗ ಇಲ್ಲ. ನನ್ನ ಕೆಲಸ ಇರುವುದು ಇಲ್ಲೇ. ಲಾರಿ ತಯಾರಾಗುವ ಮೊದಲೇ ಅದರ ಎಂಜಿನ್ ಸುತ್ತ ಬಿಸಿ ಎಲ್ಲೆಲ್ಲಿ ಕೂರುತ್ತದೆ ಅಂತ ಕಂಪ್ಯೂಟರ್‌ನಲ್ಲಿ ಹುಡುಕುವುದು.

ಡೀಸೆಲ್ ಸುಟ್ಟು ಬರುವ ಶಕ್ತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಸಿಯಾಗಿಯೇ ಹೋಗುತ್ತದೆ. ನಮ್ಮ ಹೆಚ್ಚಿನ ಲಾರಿಗಳಲ್ಲಿ ಎಂಜಿನ್ ಇರುವುದು ಕ್ಯಾಬಿನ್ ಕೆಳಗೆ. ಅಂದರೆ ಆ ಬಿಸಿಯ ಮೇಲೆಯೇ ಡ್ರೈವರ್ ಕೂತಿರುತ್ತಾರೆ.

ಹಾಗಾದರೆ ಫ್ಯಾನ್ ಜೋರಾಗಿ ತಿರುಗಿಸಿದರೆ ಆಯಿತಲ್ವಾ? ವೇಗ ದುಪ್ಪಟ್ಟಾದರೆ ಫ್ಯಾನ್ ತಿನ್ನುವ ಶಕ್ತಿ ಸುಮಾರು 8 ಪಟ್ಟಾಗುತ್ತದೆ. ಅದೂ ಡೀಸೆಲ್‌ನಿಂದಲೇ ಬರಬೇಕು.

ಈಗ ಸ್ಕ್ರೀನ್ ನೋಡಿ. ಈ ಗೆರೆಗಳು ಗಾಳಿಯ ದಾರಿ. ರೇಡಿಯೇಟರ್ ದಾಟಿದ ಬಿಸಿಗಾಳಿ ಹಿಂದಕ್ಕೆ ಹೋಗಬೇಕು. ಆದರೆ ಇಲ್ಲಿ, ಈ ಪಕ್ಕದ ಸಂದಿಯಲ್ಲಿ ನುಸುಳಿ ಮತ್ತೆ ಮುಂದಕ್ಕೆ ಬರುತ್ತಿದೆ. ಫ್ಯಾನ್ ಅದನ್ನೇ ಎಳೆದುಕೊಳ್ಳುತ್ತಿದೆ. ಒಲೆ ಮುಂದೆ ಕೂತು ಬೀಸಣಿಗೆ ಬೀಸಿಕೊಂಡ ಹಾಗೆ. ಆ ಸಂದಿಗೆ ಒಂದು ರಬ್ಬರ್ ಪಟ್ಟಿ ಹಾಕಿ ಸಿಮ್ಯುಲೇಶನ್ ಮತ್ತೆ ಓಡಿಸಿದೆ. ನೋಡಿ, ಬಿಸಿಗಾಳಿಯ ಕೆಂಪು ಗೆರೆ ಮುಂದಕ್ಕೆ ಬರುತ್ತಿಲ್ಲ. ನನಗೆ ಈ ಕೆಲಸದಲ್ಲಿ ತುಂಬಾ ಖುಷಿ ಕೊಡುವುದು ಇಂಥ ಸಣ್ಣ ಬದಲಾವಣೆ. ಗ್ಯಾರೇಜಿನವರಲ್ಲಿ ಒಂದು ವಿನಂತಿ: ರೇಡಿಯೇಟರ್ ಬಿಚ್ಚಿದಾಗ ಆ ಪಟ್ಟಿಯನ್ನು ಸುಮ್ನೆ ಬಿಸಾಡಬೇಡಿ, ವಾಪಸ್ ಹಾಕಿ.

ಗಾಳಿಯ ಲೆಕ್ಕವಷ್ಟೇ ಸಾಲದು. ಎಂಜಿನ್‌ನ ಬಿಸಿ ಹೊಗೆಯಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತಳ್ಳುವ ಟರ್ಬೊ ಮುಟ್ಟದೆಯೇ ಸುಡುತ್ತದೆ. ಹತ್ತಿರದ ವೈರಿಂಗ್, ಹೋಸ್‌ಗಳನ್ನು ತೆಳು ಲೋಹದ ಶೀಲ್ಡ್ ಕಾಯುತ್ತದೆ.

ಇನ್ನು, ನಿಜವಾದ ಪರೀಕ್ಷೆ ಬರುವುದು ಲಾರಿ ನಿಂತ ಮೇಲೆ. ಘಾಟಿ ಮುಗಿಯಿತು, ಟೀ ಕುಡಿಯಲು ಎಂಜಿನ್ ಆಫ್. ಫ್ಯಾನ್ ನಿಂತಿತು, ಎಂಜಿನ್ ತಣಿಸುವ ದ್ರವ ಓಡಿಸುವ ಕೂಲೆಂಟ್ ಪಂಪೂ ನಿಂತಿತು. ಟರ್ಬೊ ಮಾತ್ರ ಇನ್ನೂ ಕಾದಿದೆ. ಪಕ್ಕದ ವೈರುಗಳು ಓಡುವಾಗ ಇದ್ದದ್ದಕ್ಕಿಂತ ಈಗ ಜಾಸ್ತಿ ಬಿಸಿಯಾಗಬಹುದು. ಹಾಗಾಗಿ ಎಂಜಿನ್ ಆಫ್ ಆದ ಮೇಲಿನ ನಿಮಿಷಗಳನ್ನೂ ನಾವು ಸಿಮ್ಯುಲೇಶನ್‌ನಲ್ಲಿ ಓಡಿಸುತ್ತೇವೆ. 2020ರ ಏಪ್ರಿಲ್‌ನಲ್ಲಿ ಹೊಗೆ ಮಾಲಿನ್ಯಕ್ಕೆ ಬಿಗಿ ಮಿತಿ ಹಾಕಿದ ಬಿಎಸ್6 ನಿಯಮ ಬಂದ ಮೇಲೆ ಇದು ಇನ್ನೂ ಮುಖ್ಯವಾಗಿದೆ. ಅದಕ್ಕಾಗಿ ಹಾಕುವ, ಹೊಗೆಯ ಮಸಿ ಹಿಡಿಯುವ ಫಿಲ್ಟರ್ ತನ್ನನ್ನು ಸುಟ್ಟು ಚೊಕ್ಕ ಮಾಡಿಕೊಳ್ಳುವಾಗ ಒಳಗೆ ಸುಮಾರು 600 ಡಿಗ್ರಿ ಇರುತ್ತದೆ.

ಡ್ರೈವರ್ ಅಣ್ಣಂದಿರೇ, ಘಾಟಿ ಹತ್ತಿದ ಕೂಡಲೇ ಕೀ ತಿರುಗಿಸಬೇಡಿ. ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ. ಪಂಪ್ ಓಡುತ್ತಿರುತ್ತದೆ, ಟರ್ಬೊ ಅಷ್ಟರಲ್ಲಿ ಸ್ವಲ್ಪ ತಣಿಯುತ್ತದೆ.