ಒಂದೇ ಕಿಕ್ಕು ಸಾ!

ಕೇಳುಗರೆಲ್ಲರಿಗೂ ನಮಸ್ಕಾರ.

ಹಳೇ ಗಾಡಿ ಮಾರುವವರ ಬಾಯಲ್ಲಿ ಮೊದಲು ಬರುವ ಮಾತು ಯಾವುದು ಗೊತ್ತಾ? "ಒಂದೇ ಕಿಕ್ಕು ಸಾ." ಮಂಡ್ಯದ ಕಡೆ ಈ ಮಾತು ಕೇಳದೆ ಹಳೇ ಮೋಟಾರ್ ಸೈಕಲ್ ಕೊಂಡವರು ಯಾರೂ ಇರಲಾರರು. ಕಳೆದ ತಿಂಗಳು ನಾನೂ ಕೇಳಿದೆ. ಪಾಂಡವಪುರದ ಹತ್ತಿರ ಒಂದು ಹಳ್ಳಿ. ನನ್ನ ತಂಗಿ ಮಗನಿಗೆ ಯೆಜ್ಡಿ ಬೇಕಂತೆ. ಅವನಿಗೆ ಇಪ್ಪತ್ತಾರು ವರ್ಷ. ಆ ಗಾಡಿ ಮಾಡುತ್ತಿದ್ದ ಫ್ಯಾಕ್ಟರಿ ಬಾಗಿಲು ಹಾಕಿದ ಮೇಲೆ ಹುಟ್ಟಿದವನು. ಆದರೂ ಅದೇ ಬೇಕು. "ಮಾವ, ನೀವು ಸುಮ್ನೆ ಬಂದು ಒಂದ್ಸಲ ನೋಡಿ" ಅಂದ. ನಾನು ಸುಮ್ನೆ ನೋಡುವುದಕ್ಕೆ ಎರಡು ಗಂಟೆ ಬೇಕು ಅನ್ನುವುದು ಪಾಪ ಅವನಿಗೆ ಗೊತ್ತಿರಲಿಲ್ಲ.

ನಾವು ಹೋಗುವ ಹೊತ್ತಿಗೆ ಗಾಡಿ ಹೊಂಗೆ ಮರದ ಕೆಳಗೆ ಮದುವೆ ಗಂಡಿನ ಹಾಗೆ ನಿಂತಿತ್ತು. ತೊಳೆದು, ಒರೆಸಿ, ಟೈರಿಗೂ ಕರೀ ಪಾಲಿಶ್ ಬಳಿದಿದ್ದರು. ಯಜಮಾನರು ಬಂದವರೇ ಕಿಕ್ಕರ್ ಮೇಲೆ ಕಾಲಿಟ್ಟರು. "ಒಂದೇ ಕಿಕ್ಕು ಸಾ, ನೋಡ್ತಾ ಇರಿ."

"ಯಜಮಾನ್ರೇ, ಒಂದ್ನಿಮಿಷ" ಅಂದೆ. ಬಗ್ಗಿ ಇಂಜಿನ್ ಮೇಲೆ ಕೈ ಇಟ್ಟೆ. ಬಿಸಿ ಇತ್ತು.

"ಈಗ ತಾನೇ ಅಂಗಡಿಗೆ ಹೋಗ್ಬಂದೆ ಸಾ."

ಅಂಗಡಿ ಎದುರುಗಡೆಯೇ ಕಾಣುತ್ತಿತ್ತು. ಇರಲಿ. ನಾನು ಜಗಳಕ್ಕೆ ಹೋದವನಲ್ಲ. "ಹಾಗಾದ್ರೆ ಆರಲಿ ಬಿಡಿ, ಅಷ್ಟರಲ್ಲಿ ಮಿಕ್ಕಿದ್ದು ನೋಡ್ತೀವಿ" ಅಂದೆ. ಹಳೇ ಗಾಡಿ ನೋಡಲು ಹೋದಾಗ ನಾನು ಮೊದಲು ಮಾಡುವ ಕೆಲಸ ಇದೇ. ಬಿಸಿ ಇರುವ ಇಂಜಿನ್ ಯಾರು ಒದ್ದರೂ ಸ್ಟಾರ್ಟ್ ಆಗುತ್ತದೆ. ರಾತ್ರಿಯೆಲ್ಲ ನಿಂತು ತಣ್ಣಗಾದದ್ದು ಬೆಳಿಗ್ಗೆ ಹೇಗೆ ಏಳುತ್ತದೆ ಅನ್ನುವುದು ಮುಖ್ಯ. ಆದ್ದರಿಂದ ಬರುತ್ತೀನಿ ಅಂತ ಫೋನ್ ಮಾಡುವಾಗಲೇ "ನಾವು ಬರೋವರೆಗೂ ಸ್ಟಾರ್ಟ್ ಮಾಡಬೇಡಿ" ಅಂತ ಹೇಳಿಬಿಡಬೇಕು. ನಮ್ಮ ಹುಡುಗ ಹೇಳಿರಲಿಲ್ಲ.

ಒಳಗಿನಿಂದ ಮಜ್ಜಿಗೆ ಬಂತು. ಇಂಜಿನ್ ಆರುವ ತನಕ ಹಳೇ ಕಥೆ ಶುರುವಾಯಿತು. ಈ ಗಾಡಿ ಹುಟ್ಟಿದ್ದು ಇಲ್ಲೇ ಅಲ್ವಾ, ಮೈಸೂರಿನ ಯಾದವಗಿರಿಯಲ್ಲಿ. ರುಸ್ತುಂ ಇರಾನಿ, ಫಾರೂಖ್ ಇರಾನಿ ಅವರು ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ತಂದು ಐಡಿಯಲ್ ಜಾವಾ ಅಂತ ಶುರು ಮಾಡಿದರು. 1960ರ ದಶಕದ ಆರಂಭದ ಮಾತು. 1970ರ ದಶಕದಲ್ಲಿ ಜಾವಾ ಅನ್ನುವ ಹೆಸರು ಹೋಗಿ ಯೆಜ್ಡಿ ಬಂತು. 1996ರಲ್ಲಿ ಫ್ಯಾಕ್ಟರಿ ಮುಚ್ಚಿತು. ಅಲ್ಲಿ ಕೆಲಸ ಕಲಿತ ಕೈಗಳು ಮೈಸೂರಿನ ಗಲ್ಲಿ ಗಲ್ಲಿಯ ಗ್ಯಾರೇಜಿಗೆ ಹಂಚಿಹೋದವು. ಹಾಗಾಗಿ ನಮ್ಮ ಕಡೆ ಯೆಜ್ಡಿ ತಗೊಳ್ಳುವುದಕ್ಕೆ ಬೇರೆ ಊರಿನವರಷ್ಟು ಹೆದರಬೇಕಿಲ್ಲ. ರಿಪೇರಿ ಗೊತ್ತಿರುವವರು ಇದ್ದಾರೆ. ಆದರೆ ಗೊತ್ತಿರುವವರಿಗೂ ಈಗ ವಯಸ್ಸಾಗಿದೆ, ಅದು ಬೇರೆ ಮಾತು.

ಮಜ್ಜಿಗೆ ಮುಗಿಸಿ ಜೇಬಿನಿಂದ ಒಂದು ಆಯಸ್ಕಾಂತ ತೆಗೆದೆ. ಮನೆಯ ಫ್ರಿಜ್ ಬಾಗಿಲಿಗೆ ಅಂಟಿಸುವ ಗೊಂಬೆ ಇರುತ್ತಲ್ಲ, ಅದೇ. ಪೇಂಟ್ ಗೀಚದ ಹಾಗೆ ತೆಳು ಬಟ್ಟೆ ಸುತ್ತಿ ಟ್ಯಾಂಕ್ ಮೇಲೆ, ಮಡ್‌ಗಾರ್ಡ್ ಮೇಲೆ ಆಡಿಸಿದೆ. ತಗಡು ಇರುವ ಕಡೆ ಟಪ್ ಅಂತ ಹಿಡಿಯುತ್ತದೆ. ತಗ್ಗು ಮುಚ್ಚಲು ಪುಟ್ಟಿ, ಅಂದರೆ ಮೆತ್ತುವ ಪೇಸ್ಟು, ತುಂಬಿದ ಕಡೆ ಜಾರುತ್ತದೆ. ಎಡಗಡೆ ಟ್ಯಾಂಕಿನ ಮೇಲೆ ಅಂಗೈಯಷ್ಟು ಜಾಗದಲ್ಲಿ ಜಾರಿತು. ಯಾವತ್ತೋ ಬಿದ್ದಿದೆ. ಬೀಳುವುದು ತಪ್ಪಲ್ಲ, ಎಷ್ಟು ಜೋರಾಗಿ ಬಿದ್ದಿದೆ ಅಂತ ತಿಳಿಯಬೇಕು. ಎಡಗಡೆ ಪುಟ್ಟಿ ಸಿಕ್ಕರೆ ಎಡಗಡೆಯದೇ ಫುಟ್‌ರೆಸ್ಟ್, ಹ್ಯಾಂಡಲ್ ತುದಿ, ಕ್ಲಚ್ ಲಿವರ್ ನೋಡಿ. ಎಲ್ಲದರಲ್ಲೂ ಗೀಚು ಇದ್ದರೆ ರಸ್ತೆಯಲ್ಲಿ ಉಜ್ಜಿಕೊಂಡು ಹೋಗಿದೆ ಅಂತ ಅರ್ಥ. ಇಲ್ಲಿ ಬರೀ ಟ್ಯಾಂಕಿಗೆ ಪೆಟ್ಟು. ಕೇಳಿದೆ. "ಹಸ ಗುಮ್ತು ಸಾ" ಅಂದರು. ಹಸು ಗುಮ್ಮಿದ ಗಾಡಿ ನಾನು ನೋಡಿದ್ದು ಅದೇ ಮೊದಲು.

ಟ್ಯಾಂಕ್ ಮುಚ್ಚಳ ತೆಗೆದು ಮೊಬೈಲ್ ಟಾರ್ಚ್ ಬಿಟ್ಟು ಒಳಗೆ ನೋಡಿದೆ. ಒಳಗಿನ ತುಕ್ಕು ಉದುರಿ ಕಾರ್ಬ್ಯುರೇಟರಿಗೆ ಇಳಿದರೆ ಗಾಡಿ ನಡುದಾರಿಯಲ್ಲಿ ನಿಲ್ಲುತ್ತಲೇ ಇರುತ್ತದೆ. ತಳದ ಜೋಡಣೆ ಮೇಲೆ ಬೆರಳಾಡಿಸಿ. ಎಂ-ಸೀಲ್ ಗಂಟು ಸಿಕ್ಕರೆ ಅಲ್ಲಿ ಪೆಟ್ರೋಲ್ ಸೋರುತ್ತಿತ್ತು ಅಂತಲೇ ಲೆಕ್ಕ.

ಹಳ್ಳಿ ಗಾಡಿಗೆ ಇನ್ನೊಂದು ಕಾಯಿಲೆ ಇದೆ. ಇವುಗಳನ್ನು ನಿಲ್ಲಿಸುವುದು ಕೊಟ್ಟಿಗೆಯಲ್ಲಿ. ಗಂಜಲದ ತೇವ, ಸಗಣಿಯ ಹಬೆ ಕೆಳಗಿನಿಂದ ಕಬ್ಬಿಣ ತಿನ್ನುತ್ತದೆ. ಮೇಲಿಂದ ಫಳಫಳ, ಕೆಳಗೆ ಜರಡಿ. ಗೋಣಿಚೀಲ ಹಾಸಿಕೊಂಡು ಮಲಗಿ ನೋಡಲೇಬೇಕು. ಸೆಂಟರ್ ಸ್ಟ್ಯಾಂಡ್ ಕಚ್ಚುವ ಜಾಗ, ಫ್ರೇಮಿನ ಕೆಳಗಿನ ಪೈಪು, ಎರಡೂ ಸೈಲೆನ್ಸರಿನ ಹೊಟ್ಟೆ. ಸ್ಪ್ಯಾನರ್ ಹಿಡಿಯಿಂದ ಮೆತ್ತಗೆ ತಟ್ಟಿದರೆ ಗಟ್ಟಿ ಲೋಹ ಟಣ್ ಅನ್ನುತ್ತದೆ. ಕೊಳೆತದ್ದು ಡೊಬ್ ಅನ್ನುತ್ತದೆ. ಏರ್ ಫಿಲ್ಟರ್ ಬಿಚ್ಚಿಸಿದೆ. ಇಲಿ ಗೂಡು ಇರುತ್ತದೆ ಅಂದುಕೊಂಡಿದ್ದೆ. ಒಂದಿಷ್ಟು ಭತ್ತದ ಹೊಟ್ಟು ಸಿಕ್ಕಿತು, ಇಲಿ ಸಿಗಲಿಲ್ಲ.

ಗಾಡಿಯ ಹಿಂದೆ ಹತ್ತು ಹೆಜ್ಜೆ ದೂರ ಕುಕ್ಕುರುಗಾಲಲ್ಲಿ ಕೂತು ನೋಡಿ. ಮುಂದಿನ ಚಕ್ರ, ಹಿಂದಿನ ಚಕ್ರ ಒಂದೇ ನೇರದಲ್ಲಿವೆಯಾ? ಅನುಮಾನ ಇದ್ದರೆ ನೆಲಕ್ಕೆ ಒಂದು ಬಿಂದಿಗೆ ನೀರು ಚೆಲ್ಲಿ, ಅದರ ಮೇಲೆ ನೇರವಾಗಿ ತಳ್ಳಿಕೊಂಡು ಹೋಗಿ. ಒಣ ನೆಲದ ಮೇಲೆ ಒಂದೇ ಗೆರೆ ಬಿದ್ದರೆ ಸರಿ. ಅಕ್ಕಪಕ್ಕ ಎರಡು ಗೆರೆ ಬಿದ್ದರೆ ಫ್ರೇಮೋ ಫೋರ್ಕೋ ಬಾಗಿರಬಹುದು, ಇಲ್ಲವೇ ಹಿಂದಿನ ಚಕ್ರವನ್ನು ಓರೆಯಾಗಿ ಬಿಗಿದಿರಬಹುದು. ಚಕ್ರ ಓರೆಯಾದರೆ ಹತ್ತು ನಿಮಿಷದ ಕೆಲಸ. ಫ್ರೇಮ್ ಬಾಗಿದ್ದರೆ ನಾನಂತೂ ಕೈ ಮುಗಿದು ಎದ್ದು ಬರುತ್ತೇನೆ. ಮುಂದಿನ ಬ್ರೇಕ್ ಹಿಡಿದು ಹಿಂದಕ್ಕೂ ಮುಂದಕ್ಕೂ ಜಗ್ಗಿದಾಗ ಹ್ಯಾಂಡಲ್ ಬುಡದಲ್ಲಿ ಕಟಕಟ ಅಂದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗಿಸುವ ಬೇರಿಂಗು, ಹೋಗಿದೆ. ಅದು ಸಣ್ಣ ಖರ್ಚು. ಟೈರು, ಚೈನು, ಬ್ಯಾಟರಿ ಎಲ್ಲ ಅಂಗಡಿಯಲ್ಲಿ ಸಿಗುತ್ತವೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಹಳೇ ಯೆಜ್ಡಿಯದು 6 ವೋಲ್ಟ್ ಲೈಟು. ಮಂಕು ಅಂತ ಬೈಯಬೇಡಿ, ಅದು ಇರುವುದೇ ಹಾಗೆ.

ಅಷ್ಟರಲ್ಲಿ ಇಂಜಿನ್ ಆರಿತ್ತು. "ಈಗ ಹೊಡೀರಿ ಯಜಮಾನ್ರೇ" ಅಂದೆ. ಒಂದು, ಎರಡು, ಮೂರು. ಐದನೇ ಕಿಕ್ಕಿಗೆ ಎದ್ದಿತು. ಅವರ ಮುಖ ಸಪ್ಪಗಾಯಿತು. ನನಗೇನೂ ಬೇಸರ ಆಗಲಿಲ್ಲ. ನಲವತ್ತು ವರ್ಷದ ಗಾಡಿ ಐದು ಕಿಕ್ಕಿಗೆ ಎದ್ದರೆ, ಪ್ಲಗ್ಗಿಗೆ ಕಿಡಿ ಬರಿಸುವ ಸಿಬಿ ಪಾಯಿಂಟ್ ಉಜ್ಜಿದರೆ ಸಾಕು, ಸರಿಹೋದೀತು.

ಈ ಗಾಡಿಯ ವಿಷಯದಲ್ಲಿ ನಾನು ಜಾಸ್ತಿ ಹೊತ್ತು ನೋಡುವುದು ಹೊಗೆ. ಸ್ಪ್ಲೆಂಡರ್ ಥರದ ಫೋರ್ ಸ್ಟ್ರೋಕ್ ಗಾಡಿ ನೀಲಿ ಹೊಗೆ ಬಿಟ್ಟರೆ ರಿಂಗೋ ವಾಲ್ವ್ ಸೀಲೋ ಹೋಗಿದೆ ಅಂತ ಚೌಕಾಸಿ ಶುರು ಮಾಡಬಹುದು. ಯೆಜ್ಡಿ ಟೂ ಸ್ಟ್ರೋಕ್. ಪೆಟ್ರೋಲಿಗೆ ಆಯಿಲ್ ಬೆರೆಸಿಯೇ ಓಡಿಸಬೇಕು, ಹೊಗೆ ಬಂದೇ ಬರುತ್ತದೆ. ಮೊದಲ ಎರಡು ನಿಮಿಷ ದಟ್ಟವಾಗಿ ಬಂದು ಆಮೇಲೆ ತೆಳುವಾಗಬೇಕು. ತೆಳುವಾಗದೆ ಬಿಳಿಯಾಗಿ ಬೀದಿ ತುಂಬಿದರೆ ಹತ್ತಿರ ಹೋಗಿ ಮೂಸಿ ನೋಡಿ. ಗೇರ್ ಆಯಿಲ್ ಸುಟ್ಟ ಕಮಟು ವಾಸನೆ ಇದ್ದರೆ ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್, ಅಂದರೆ ಇಂಜಿನ್ ತಿರುಗುವ ದಂಡದ ಸುತ್ತ ಇರುವ ರಬ್ಬರ್ ಬಳೆ, ಹೋಗಿದೆ. ಇಂಜಿನ್ ಪಕ್ಕದ ಗೇರ್ ಆಯಿಲನ್ನೇ ಹೀರಿಕೊಂಡು ಸುಡುತ್ತಿದೆ. ಇನ್ನೊಂದು ಕಡೆ, ಡೈನಮೋ ಕಡೆಯ ಸೀಲ್ ಹೋದರೆ ಹೊಗೆ ಬರುವುದಿಲ್ಲ. ಗಾಳಿ ಎಳೆಯುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಕೂಗುವುದು ಇಳಿಯುವುದಿಲ್ಲ. ಹೊಗೆ ಇಲ್ಲ, ಜೋರಾಗಿ ಕೂಗುತ್ತದೆ, ಎಷ್ಟು ಚೆನ್ನಾಗಿದೆ ಅಂತ ಹುಡುಗರು ಮರುಳಾಗುತ್ತಾರೆ. ಇದೇ ಅಪಾಯದ್ದು. ಗಾಳಿ ಜಾಸ್ತಿಯಾಗಿ ಇಂಜಿನ್ ಕಾದು ಪಿಸ್ಟನ್ ಸೀಜ್ ಆಗುತ್ತದೆ, ಅಂದರೆ ಸಿಲಿಂಡರಿನಲ್ಲೇ ಹಿಡಿದುಕೊಳ್ಳುತ್ತದೆ.

ಇರುವುದು ಒಂದೇ ಸಿಲಿಂಡರ್, ಸೈಲೆನ್ಸರ್ ಮಾತ್ರ ಎರಡು. ಎರಡರ ಬಾಯಿಗೂ ಸ್ವಲ್ಪ ದೂರದಿಂದ ಅಂಗೈ ಹಿಡಿದು ನೋಡಿ. ಹೊಡೆತ ಸಮ ಇರಬೇಕು. ಒಂದರಲ್ಲಿ ಮಾತ್ರ ಬಂದರೆ ಇನ್ನೊಂದರಲ್ಲಿ ಕರಿ ಕಟ್ಟಿದೆ. ಪ್ಲಗ್ ಬಿಚ್ಚಿಸಿ ನೋಡಿ. ತುದಿ ರಾಗಿ ಮುದ್ದೆ ಬಣ್ಣಕ್ಕಿದ್ದರೆ ಒಳಗೆ ಎಲ್ಲ ಹದವಾಗಿದೆ. ಮಸಿಯ ಹಾಗೆ ಕಪ್ಪಾಗಿ ಒದ್ದೆ ಇದ್ದರೆ ಆಯಿಲ್ ಜಾಸ್ತಿ. ಸುಣ್ಣದ ಬಿಳುಪಿದ್ದರೆ ಕಾಯುತ್ತಿದೆ. "ಪಿಸ್ಟನ್ ಯಾವ ಸೈಜು?" ಅಂತಲೂ ಕೇಳಿ. ಸವೆದ ಒಳಮೈ ಕೊರೆಸಿ ಬೋರ್ ಮಾಡಿಸಿದಾಗಲೆಲ್ಲ ಸಿಲಿಂಡರ್ ಸ್ವಲ್ಪ ಸ್ವಲ್ಪ ಅಗಲವಾಗುತ್ತಾ ಹೋಗುತ್ತದೆ. ಎಷ್ಟು ಸಲ ಆಗಿದೆಯೋ ಅಷ್ಟು ಆಯುಸ್ಸು ಕಮ್ಮಿ.

ಓಡಿಸಿ ನೋಡಿದ್ದು ನಾಲೆ ಏರಿಯ ಮೇಲೆ. ಇನ್ಶೂರೆನ್ಸ್ ಮುಗಿದಿತ್ತು, ಹೈವೇಗೆ ಹೋಗಲಿಲ್ಲ. ನೀವು ಮೈಸೂರಿನವರಾದರೆ, ಗಾಡಿಗೆ ಇನ್ಶೂರೆನ್ಸ್ ಇದ್ದರೆ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತಿಸಿ. ಏರಿನಲ್ಲಿ ಇಂಜಿನ್ ಕೂಗಿದರೂ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಇಳಿಯುವಾಗ ಗೇರ್ ತಾನಾಗಿ ನ್ಯೂಟ್ರಲ್‌ಗೆ ಹಾರಿದರೆ ಗೇರ್ ಬಾಕ್ಸ್ ಬಿಚ್ಚಬೇಕು. ಕಿಕ್ಕರೂ ಗೇರ್ ಲಿವರೂ ಒಂದೇ ಆಗಿರುವ ಗಾಡಿ ಇದು. ಕ್ಲಚ್ ಹಿಡಿಯದೆಯೇ ಗೇರ್ ಬೀಳುತ್ತದೆ. ಅದನ್ನೂ ಒಂದು ಸಲ ಹಾಕಿ ನೋಡಿ. ವಾಪಸು ಬಂದ ಮೇಲೆ ನಿಲ್ಲಿಸಿ, ಬಿಸಿ ಇರುವಾಗಲೇ ಮತ್ತೆ ಸ್ಟಾರ್ಟ್ ಮಾಡಿ. ಬಿಸಿ ಇಂಜಿನ್ ಸುಲಭವಾಗಿ ಏಳಬೇಕು; ಏಳದಿದ್ದರೆ ಕಿಡಿ ಕೊಡುವ ಕಾಯಿಲ್, ಕಂಡೆನ್ಸರ್ ಬಣ್ಣ ಬಯಲಾಗುವುದು ಆಗ.

ನಮ್ಮ ಹುಡುಗನ ಕಣ್ಣು ಹೊಳೆಯುತ್ತಿತ್ತು. ಗಾಡಿ ನಿಜಕ್ಕೂ ಚೆನ್ನಾಗಿತ್ತು. ಜೇಬಿಗೆ ಕೈ ಹಾಕಿದ, ಅಡ್ವಾನ್ಸ್ ಕೊಡೋಕೆ. ನಾನು ಕೈ ಹಿಡಿದೆ. "ಪುಸ್ತಕ ನೋಡೋಣ." ಪುಸ್ತಕ ಅಂದರೆ ಗಾಡಿಯ ನೋಂದಣಿ ಪತ್ರ, ಆರ್‌ಸಿ.

ಇದು ನಾನು ದುಡ್ಡು ಕೊಟ್ಟು ಕಲಿತ ಪಾಠ. ಇಪ್ಪತ್ತೆರಡು ವರ್ಷದ ಹಿಂದೆ ಒಂದು ಹಳೇ ಗಾಡಿ ತಗೊಂಡೆ. ಇಂಜಿನ್ ಅಂದರೆ ಚಿನ್ನ. ಮಾರಿದವನು ಹೆಸರು ಬದಲಾಯಿಸುವುದಕ್ಕೆ ಬೇಕಾದ ಫಾರಂ 29, ಫಾರಂ 30 ಅನ್ನು ಸಹಿ ಹಾಕಿ ಖಾಲಿಯಾಗಿ ಕೈಗೆ ಕೊಟ್ಟ. ಆರ್‌ಸಿಯಲ್ಲಿದ್ದ ಹೆಸರು ಅವನದಲ್ಲ. "ಅದೆಲ್ಲ ಆಮೇಲೆ ಮಾಡ್ಸಿಕೊಳ್ಳಿ" ಅಂದ. ಆರ್‌ಟಿಓ ಕಚೇರಿಗೆ ಹೋದರೆ ಸಹಿ ತಾಳೆಯಾಗಲಿಲ್ಲ. ಆರ್‌ಸಿಯ ವಿಳಾಸ ಹುಡುಕಿಕೊಂಡು ಹೋದರೆ ಆ ಮನೆಯೇ ಇರಲಿಲ್ಲ. ಕೊನೆಗೆ ಇಂಜಿನ್ ನಂಬರ್ ನೋಡಿದರೆ ಅದೂ ಬೇರೆ. ಯಾವುದೋ ಗಾಡಿಯ ಇಂಜಿನ್ ತಂದು ಕೂರಿಸಿದ್ದರು. ಮೂರು ವರ್ಷ ಹಿತ್ತಲಲ್ಲಿ ನಿಂತಿತ್ತು. ಆಮೇಲೆ ಬಿಡಿಭಾಗವಾಗಿ ಹೋಯಿತು.

ಇಂಜಿನ್ ಹೋದರೆ ಕಟ್ಟಿಸಬಹುದು. ನಂಬರ್ ಕಟ್ಟಿಸೋಕೆ ಆಗಲ್ಲ. ಅದಕ್ಕೇ ಬೆಂಕಿಪೊಟ್ಟಣದಷ್ಟು ಕಾಗದ, ಒಂದು ಪೆನ್ಸಿಲ್ ಜೊತೆಗಿಟ್ಟುಕೊಳ್ಳಿ. ಇಂಜಿನ್ ನಂಬರ್, ಚಾಸಿ ನಂಬರ್ ಎರಡರ ಮೇಲೂ ಕಾಗದ ಇಟ್ಟು ಉಜ್ಜಿ ಅಚ್ಚು ತೆಗೆದು ಆರ್‌ಸಿ ಜೊತೆ ಒಂದೊಂದೇ ಅಂಕಿ ಓದಿ. ಅರ್ಧ ಉಜ್ಜಿಹೋಗಿದ್ದರೆ, ಅಂಕಿಗಳ ಸಾಲು ಓರೆಕೋರೆ ಇದ್ದರೆ ಕೊಳ್ಳಬೇಡಿ. ನೋಂದಣಿಯಾಗಿ 15 ವರ್ಷ ದಾಟಿದ ಗಾಡಿಗೆ ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ ಆಗಿರಬೇಕು. ತೀರಾ ಹಳೇ ಗಾಡಿಗಳ ವಿವರ ಎಷ್ಟೋ ಸಲ ಕಂಪ್ಯೂಟರಿಗೆ ಹತ್ತಿರುವುದಿಲ್ಲ. ಹಳೇ ದಾಖಲೆಯನ್ನು ಕಂಪ್ಯೂಟರಿಗೆ ಹತ್ತಿಸುವ ಬ್ಯಾಕ್‌ಲಾಗ್ ಎಂಟ್ರಿ ಆಗದೆ ಮುಂದಿನ ಯಾವ ಕೆಲಸವೂ ಆಗಲ್ಲ. ಇನ್ನೊಂದು, ಆವತ್ತಿನ ಸಾಲ ಎಂದೋ ತೀರಿದ್ದರೂ ಎಚ್‌ಪಿ, ಅಂದರೆ ಗಾಡಿ ಮೇಲೆ ಸಾಲ ಇದೆ ಅನ್ನುವ ಗುರುತು, ಆರ್‌ಸಿಯಲ್ಲಿ ಹಾಗೇ ಉಳಿದಿರುತ್ತದೆ. ಸಾಲ ಕೊಟ್ಟ ಫೈನಾನ್ಸೇ ಮುಚ್ಚಿಹೋಗಿದ್ದರೆ ಅದನ್ನು ತೆಗೆಸುವುದು ದೊಡ್ಡ ಅಲೆದಾಟ. ಮೈಸೂರು ರಾಜ್ಯ ಅಂತ ಇದ್ದ ಕಾಲದ, ಎಂವೈ ಅಂತ ಶುರುವಾಗುವ ನಂಬರ್ ಪ್ಲೇಟಿಗೆ ಈಗ ಜಾಸ್ತಿ ಬೆಲೆ ಹೇಳುತ್ತಾರೆ. ಬರೀ ಪ್ಲೇಟ್ ನೋಡಿ ದುಡ್ಡು ಕೊಡಬೇಡಿ, ಆರ್‌ಸಿ ಜೀವಂತ ಇದೆಯಾ ಕೇಳಿ.

ಯಜಮಾನರು ಒಳಗೆ ಹೋಗಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಪುಸ್ತಕ ತಂದರು. ಎರಡೂ ನಂಬರ್ ತಾಳೆಯಾಯಿತು. ಹೆಸರು ಮಾತ್ರ ಅವರ ಅಪ್ಪನದು. ಅಪ್ಪ ಹೋಗಿ ಹನ್ನೊಂದು ವರ್ಷ. ಹೀಗಿದ್ದಾಗ ಫಾರಂ 31 ಹಾಕಿ, ಮರಣ ಪತ್ರ ಇಟ್ಟು, ಮೊದಲು ವಾರಸುದಾರರ ಹೆಸರಿಗೆ ಮಾಡಿಸಬೇಕು. ಆಮೇಲೆ ನಮ್ಮ ಹೆಸರಿಗೆ. ಮಕ್ಕಳು ನಾಲ್ಕು ಜನ. ಮೂವರು ಒಪ್ಪಿದ್ದಾರೆ.

ಶಿವಮೊಗ್ಗದಲ್ಲಿರುವ ದೊಡ್ಡ ಮಗಳು ಮಾತ್ರ ಇನ್ನೂ ಸಹಿ ಹಾಕಿಲ್ಲ. ಅವರನ್ನು ಅಪ್ಪ ಮಂಡ್ಯಕ್ಕೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಿಸಿಕೊಂಡು ಹೋಗಿದ್ದು ಇದೇ ಗಾಡಿಯಲ್ಲಂತೆ. "ಹಬ್ಬಕ್ಕೆ ಊರಿಗೆ ಬರ್ತೀನಿ, ಒಂದ್ಸಲ ನೋಡ್ತೀನಿ, ಆಮೇಲೆ ಹೇಳ್ತೀನಿ" ಅಂದಿದ್ದಾರೆ. ಗಾಡಿ ಕೊಟ್ಟಿಗೆಯಲ್ಲೇ ಇದೆ. ನಾವು ಒಂದು ರೂಪಾಯಿಯೂ ಕೊಟ್ಟಿಲ್ಲ. ನಮ್ಮ ಹುಡುಗ ಮಾತ್ರ ಭಾನುವಾರ ಬಂದರೆ ಪಾಂಡವಪುರದ ಬಸ್ಸು ಹತ್ತುತ್ತಾನೆ. ನಿಂತು ನಿಂತು ಇಂಜಿನ್ ಹಿಡಿದುಕೊಳ್ಳಬಾರದಲ್ಲ, ಅದಕ್ಕೆ ಸ್ಟಾರ್ಟ್ ಮಾಡಿ ಬರುತ್ತಾನಂತೆ. ಪಾಯಿಂಟ್ ಉಜ್ಜಿದ ಮೇಲೆ ಮೂರು ಕಿಕ್ಕಿಗೆ ಬಂದಿದೆ.

ನಮಸ್ಕಾರ.