ಕತ್ತಿಯ ತುದಿ ಕೆಂಪಾಗುವುದು ಯಾಕೆ?

[ತೆರೆಯ ಮೇಲೆ: ಕತ್ತಲೆ ಕೋಣೆಯಲ್ಲಿ ಬೀಸುತ್ತಿರುವ ಬೆಳಕಿನ ಕತ್ತಿ]

ನಮಸ್ಕಾರ. ಈ ತುಣುಕು ಕಳಿಸಿದ್ದು ಬೈಲಹೊಂಗಲದ ಒಬ್ಬ ಹುಡುಗ. ಸಂಗೊಳ್ಳಿ ರಾಯಣ್ಣನ ನಾಟಕಕ್ಕೆ ಗೆಳೆಯರೆಲ್ಲ ಸೇರಿ ಮಾಡಿದ ಕತ್ತಿ ಇದು. ಮೇಜಿನ ಮೇಲೆ ಇಟ್ಟಾಗ ಚೆನ್ನಾಗಿ ಉರಿಯುತ್ತದೆ, ಬೀಸಿದರೆ ಮಿಣುಕುತ್ತದೆ. ಇನ್ನೊಂದು ವಿಚಿತ್ರ ನೋಡಿ. ಹಾಕಿದ್ದು ಪೂರ್ತಿ ಬಿಳಿ ಬಣ್ಣ. ಹಿಡಿಕೆ ಹತ್ತಿರ ಬಿಳಿಯೇ ಇದೆ, ನಡುವೆ ಹಳದಿ, ತುದಿಯಲ್ಲಿ ಕೆಂಪು! "ಅಣ್ಣಾ, ತುದಿ ಎಲ್‌ಇಡಿ ಸುಟ್ಟಾವೇನ್ರಿ?" ಅಂತ ಕೇಳಿದ್ದಾನೆ.

ಇಲ್ಲ ತಮ್ಮಾ, ಒಂದೂ ಸುಟ್ಟಿಲ್ಲ. ತಪ್ಪು ಎಲ್ಲಿದೆ ಅಂತ ಆ ಕೆಂಪು ಬಣ್ಣವೇ ಹೇಳುತ್ತಿದೆ.

ಒಳಗೆ ಏನಿದೆ ಅಂತ ಬೇಗ ನೋಡಿಬಿಡೋಣ. ಹಾಲುಬಣ್ಣದ ಆಕ್ರಿಲಿಕ್ ಪೈಪು, ಅದರೊಳಗೆ ಒಂದೊಂದು ದೀಪಕ್ಕೂ ಬೇರೆ ಬೇರೆ ಬಣ್ಣ ಕೊಡಬಹುದಾದ ಡಬ್ಲ್ಯುಎಸ್ 2812ಬಿ ಅನ್ನುವ ಒಂದು ಮೀಟರ್ ಪಟ್ಟಿ, 60 ಎಲ್‌ಇಡಿ. ಹಿಡಿಕೆಯಲ್ಲಿ ಬ್ಯಾಟರಿ, 5 ವೋಲ್ಟ್ ಕೊಡುವ ಕನ್ವರ್ಟರ್, ಸಣ್ಣ ಕಂಟ್ರೋಲರ್. ಪಟ್ಟಿಗೆ ಹೋಗುವುದು ಮೂರು ವೈರು: 5 ವೋಲ್ಟ್, ಯಾವ ಬಣ್ಣ ಅಂತ ಹೇಳುವ ಡೇಟಾ, ಕರೆಂಟ್ ವಾಪಸ್ ಬರುವ ಗ್ರೌಂಡ್. ಇಷ್ಟೇ.

ಈಗ ಬಣ್ಣದ ವಿಷಯ. ನನಗೆ ತುಂಬಾ ಇಷ್ಟವಾದ ಭಾಗ ಇದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಒಂದೊಂದು ಎಲ್‌ಇಡಿಯೊಳಗೂ ಕೆಂಪು, ಹಸಿರು, ನೀಲಿ ಅಂತ ಮೂರು ದೀಪ ಇವೆ. ಕೆಂಪಿಗೆ ಸುಮಾರು 2 ವೋಲ್ಟ್ ಸಾಕು. ಹಸಿರಿಗೆ, ನೀಲಿಗೆ ಸುಮಾರು 3 ವೋಲ್ಟ್ ಬೇಕು. ಮೂರೂ ಪೂರ್ತಿ ಉರಿದರೆ ಒಂದಕ್ಕೆ 60 ಮಿಲಿಆಂಪ್ ಅಂತ ಲೆಕ್ಕ ಹಿಡಿಯುತ್ತಾರೆ. 60 ಎಲ್‌ಇಡಿಗೆ ಎಷ್ಟಾಯ್ತು? 3.6 ಆಂಪ್! ಇಷ್ಟೆಲ್ಲ ಹರಿಯಬೇಕಾದದ್ದು ಪಟ್ಟಿಯಲ್ಲಿರುವ, ಕಾಗದಕ್ಕಿಂತ ತೆಳುವಾದ ತಾಮ್ರದಲ್ಲಿ.

ಮಲಪ್ರಭಾ ಕಾಲುವೆಯ ಕೊನೆಯಲ್ಲಿ ಹೊಲ ಇರುವವರನ್ನು ಕೇಳಿ. ಮೇಲಿನವರೆಲ್ಲ ನೀರು ಬಿಟ್ಟುಕೊಂಡ ಮೇಲೆ ಅವರ ಹೊಲಕ್ಕೆ ಎಷ್ಟು ಬರುತ್ತದೆ? ಇಲ್ಲೂ ಹಾಗೇ. ತುದಿಗೆ ಹೋಗುವಷ್ಟರಲ್ಲಿ ವೋಲ್ಟೇಜ್ ಇಳಿದಿರುತ್ತದೆ. ಜಾಸ್ತಿ ವೋಲ್ಟ್ ಬೇಡುವ ನೀಲಿ ಮೊದಲು ಸೊರಗುತ್ತದೆ, ಆಗ ಬಿಳಿ ಹಳದಿಯಾಗುತ್ತದೆ. ಆಮೇಲೆ ಹಸಿರೂ ಹೋಗುತ್ತದೆ. ಕಡಿಮೆಯಲ್ಲೇ ಬದುಕುವ ಕೆಂಪು ಮಾತ್ರ ಉಳಿಯುತ್ತದೆ. ಎಷ್ಟು ಚೆಂದ ಅಲ್ವಾ? ಮೀಟರ್ ಹಿಡಿಯುವ ಮುಂಚೆಯೇ ಕತ್ತಿ ತನ್ನ ವೋಲ್ಟೇಜ್ ತೋರಿಸಿಬಿಟ್ಟಿದೆ.

ಆದರೆ ಒಂದು ಮೀಟರ್ ಪಟ್ಟಿ ತುಸು ಹಳದಿಯಾಗುವುದು ಸಹಜ. ಇಷ್ಟೊಂದು ಕೆಂಪಾಗಿದೆ, ಬೀಸಿದರೆ ಮಿಣುಕುತ್ತದೆ ಎಂದರೆ, ಪಟ್ಟಿಯ ಜೊತೆಗೆ ಯಾವುದೋ ಬೆಸುಗೆಯೂ ವೋಲ್ಟೇಜ್ ತಿನ್ನುತ್ತಿದೆ.

[ತೆರೆಯ ಮೇಲೆ: ಬೆಸುಗೆಯ ಹತ್ತಿರದ ಚಿತ್ರ]

ಇಲ್ಲಿ ನೋಡಿ. ಸೋಲ್ಡರ್, ಅಂದರೆ ಬೆಸೆಯಲು ಕರಗಿಸುವ ಲೋಹ, ಉಂಡೆ ಕಟ್ಟಿ ವೈರಿನ ಮೇಲೆ ಕೂತಿದೆ. ಪ್ಯಾಡಿನ ಮೇಲೆ, ಅಂದರೆ ಪಟ್ಟಿಯಲ್ಲಿ ವೈರು ಬೆಸೆಯುವ ತಾಮ್ರದ ಜಾಗದ ಮೇಲೆ, ಹರಡಿಲ್ಲ, ಅಂಚಿನಲ್ಲಿ ಸಣ್ಣ ಕಪ್ಪು ಗೆರೆ ಇದೆ. ಇಂಥ ಬೆಸುಗೆಯೂ ಮಲ್ಟಿಮೀಟರಿನಲ್ಲಿ 'ಬೀಪ್' ಅನ್ನುತ್ತದೆ! ಯಾಕೆಂದರೆ ಬೀಪ್ ಪರೀಕ್ಷೆಗೆ ಚೂರೇ ಚೂರು ಕರೆಂಟ್ ಸಾಕು, ಒಂದು ಎಳೆ ತಾಗಿದ್ದರೂ ಪಾಸು. ಅದಕ್ಕೇ ಬೀಪ್ ನಂಬಬೇಡಿ. ಕತ್ತಿಯನ್ನು ಪೂರ್ತಿ ಬಿಳಿ ಉರಿಸಿ, ಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. ಒಂದು ಕಡ್ಡಿ ವೈರಿನ ತಾಮ್ರಕ್ಕೆ, ಇನ್ನೊಂದು ಪ್ಯಾಡಿಗೆ. ಒಳ್ಳೆ ಬೆಸುಗೆಯಾದರೆ ಹೆಚ್ಚುಕಮ್ಮಿ ಸೊನ್ನೆ. 0.4 ವೋಲ್ಟ್ ಬಂತೋ, ಕಳ್ಳ ಸಿಕ್ಕ. 3 ಆಂಪ್ ಹರಿಯುತ್ತಿದ್ದರೆ ಆ ಒಂದು ಚುಕ್ಕೆಯಲ್ಲೇ 1.2 ವ್ಯಾಟ್ ಶಾಖವಾಗಿ ಹೋಗುತ್ತಿದೆ.

ಹಳೆ ಸೋಲ್ಡರ್ ತೆಗೆದು, ಸೋಲ್ಡರ್ ಚೆನ್ನಾಗಿ ಹರಡಲು ನೆರವಾಗುವ ಫ್ಲಕ್ಸ್ ಹಚ್ಚಿ. ಬೆಸುಗೆ ಹಾಕುವ ಐರನ್ 350 ಡಿಗ್ರಿ ಆಸುಪಾಸು ಇರಲಿ. ಬಿಸಿ ಮಾಡಬೇಕಾದ್ದು ಪ್ಯಾಡು ಮತ್ತು ವೈರನ್ನು. ಸೋಲ್ಡರ್ ತಾನೇ ಕರಗಿ ಅದರ ಮೇಲೆ ಹರಿಯಬೇಕು. ಎರಡು ಮೂರು ಸೆಕೆಂಡ್ ಸಾಕು, ಜಾಸ್ತಿ ಹಿಡಿದರೆ ಪ್ಯಾಡೇ ಕಿತ್ತು ಬರುತ್ತದೆ. ಆಮೇಲೆ ಊದಬೇಡಿ, ಅಲುಗಿಸಬೇಡಿ. 60/40 ಸೋಲ್ಡರ್, ಅಂದರೆ 60 ಪಾಲು ತವರ, 40 ಪಾಲು ಸೀಸ ಇರುವುದು, 183 ಡಿಗ್ರಿಗೆ ಇಳಿದ ಮೇಲೆಯೇ ಪೂರ್ತಿ ಗಟ್ಟಿಯಾಗುವುದು. ಅಷ್ಟರೊಳಗೆ ಅಲುಗಿದರೆ ಮತ್ತೆ ಅದೇ ಕಥೆ.

ಸಮಯ ಆಗ್ತಾ ಬಂತು, ಉಳಿದದ್ದು ಬೇಗ ಬೇಗ. ತುದಿಗೂ 5 ವೋಲ್ಟ್, ಗ್ರೌಂಡ್ ಮುಟ್ಟಲಿ. ಹಿಡಿಕೆಯಿಂದ ಎರಡು ದಪ್ಪ ವೈರು ಎಳೆಯಿರಿ. ಮನೆ ವೈರಿಂಗಿನ ಒಂಟಿ ಎಳೆಯ ವೈರು ಬೇಡ, ಬೀಸಿದಾಗ ಬೆಸುಗೆಯ ಅಂಚಿಗೇ ಮುರಿಯುತ್ತದೆ. ಮೆತ್ತನೆಯ ಸಿಲಿಕೋನ್ ವೈರು ತಗೊಳ್ಳಿ, ಸ್ವಲ್ಪ ಸಡಿಲ ಬಿಟ್ಟು ಬಿಸಿ ಅಂಟು ಹಾಕಿ. ನಡುವಿನಿಂದ ಮುಂದಕ್ಕೆ ಎಲ್ಲ ಆರಿದ್ದರೆ, ಉರಿಯುವ ಕೊನೆಯ ಎಲ್‌ಇಡಿ ಮತ್ತು ಆರಿದ ಮೊದಲನೆಯದರ ನಡುವೆ ಹುಡುಕಿ. ಏನೂ ಉರಿಯದಿದ್ದರೆ ಪಟ್ಟಿಯ ಮೇಲಿನ ಬಾಣ ಹಿಡಿಕೆಯಿಂದ ತುದಿಯ ಕಡೆಗಿದೆಯಾ ನೋಡಿ, ಕಂಟ್ರೋಲರ್ ಮತ್ತು ಪಟ್ಟಿಯ ಗ್ರೌಂಡ್ ಒಂದೇ ಕಡೆ ಸೇರಿದೆಯಾ ನೋಡಿ.

ಲಿಥಿಯಂ ಸೆಲ್ಲಿಗೆ ಮಾತ್ರ ನೇರವಾಗಿ ಐರನ್ ಮುಟ್ಟಿಸಲೇಬೇಡಿ, ಹೋಲ್ಡರ್ ಬಳಸಿ, ಪ್ಲಸ್ ವೈರಿಗೆ ಫ್ಯೂಸ್ ಹಾಕಿ. ತಾಲೀಮಿನಲ್ಲಿ ಬಳಸುವ ಮುಂಚೆ ಐದು ನಿಮಿಷ ಪೂರ್ತಿ ಬಿಳಿ ಉರಿಸಿ, ಆರಿಸಿ, ಒಂದೊಂದು ಬೆಸುಗೆಯನ್ನೂ ಬೆರಳ ತುದಿಯಲ್ಲಿ ಹುಷಾರಾಗಿ ಮುಟ್ಟಿ ನೋಡಿ. ಬಿಸಿ ಇರುವುದನ್ನು ಬಿಚ್ಚಿ ಮತ್ತೆ ಹಾಕಿ.