ಈಸಕ್ಕಿಯಾಸೆ ನಿಮಗೇಕೆ?

ಕೇಳುಗರಿಗೆ ನಮಸ್ಕಾರ.

ನಮ್ಮಜ್ಜಿಯ ಅಡುಗೆಮನೆಯ ಮೂಲೆಯಲ್ಲಿ ಒಂದು ಮಣ್ಣಿನ ಗಡಿಗೆ ಇರುತ್ತಿತ್ತು. ಅನ್ನಕ್ಕೆಂದು ಅಕ್ಕಿ ಅಳೆದು ಮೊರಕ್ಕೆ ಹಾಕಿಕೊಂಡವಳೇ, ಕಲ್ಲು ಆರಿಸಲು ಕೂರುವುದಕ್ಕೂ ಮೊದಲು, ಅದರಿಂದ ಒಂದು ಹಿಡಿ ತೆಗೆದು ಆ ಗಡಿಗೆಗೆ ಹಾಕುತ್ತಿದ್ದಳು. ಮನೆಯಲ್ಲಿ ಅಕ್ಕಿ ಹೆಚ್ಚಿದ್ದ ದಿನವೂ ಒಂದೇ ಹಿಡಿ, ಡಬ್ಬದ ತಳ ಕಾಣುತ್ತಿದ್ದ ದಿನವೂ ಒಂದೇ ಹಿಡಿ. ಅದಕ್ಕೆ ಹಿಡಿಯಕ್ಕಿ ಎಂದೇ ಹೆಸರು. ಕೇಳುತ್ತಿರುವ ನಿಮ್ಮಲ್ಲಿ ಹಲವರ ಮನೆಗಳಲ್ಲೂ ಇಂಥದೊಂದು ಗಡಿಗೆ ಇದ್ದಿರಬಹುದು.

ಒಮ್ಮೆ ನಾನು ಅದರೊಳಗೆ ಕೈ ಹಾಕಿ, ಎಷ್ಟು ಸೇರಾಗಿದೆ ನೋಡೋಣ ಎಂದು ಅಳೆಯಲು ಹೊರಟೆ. ಅಜ್ಜಿ ಕೈ ಹಿಡಿದಳು. "ಅಳೀಬೇಡ ಮಗ, ಅದು ನಮ್ದಲ್ಲ" ಅಂದಳು. ಸುಗ್ಗಿ ಮುಗಿದ ಮೇಲೆ ಮಠದ ಗಾಡಿ ಊರಿಗೆ ಬರುತ್ತಿತ್ತು. ಅಜ್ಜಿ ಗಡಿಗೆಯನ್ನು ತಂದು ಅವರ ಚೀಲಕ್ಕೆ ಬಗ್ಗಿಸುವಳು. ಗಾಡಿಯವರು ಪುಸ್ತಕ ತೆಗೆದು, "ಯಾರ ಹೆಸರಿಗೆ ಬರ್ಕೊಳ್ಳಲವ್ವಾ?" ಎಂದು ಕೇಳಿದರೆ, "ಊರ ಹೆಸರಿಗೆ ಬರ್ಕೊಳ್ರಪ್ಪ" ಎನ್ನುವಳು. ಆಗ ನನಗೆ ಬೇಸರವಾಗುತ್ತಿತ್ತು. ನಮ್ಮನೆಯ ಹೆಸರು ಆ ಪುಸ್ತಕದಲ್ಲಿ ಇರಬೇಕಿತ್ತು ಎಂಬ ಆಸೆ.

ಅಜ್ಜಿಯ ಆ ಒಂದು ಹಿಡಿಯ ಹಿಂದೆ ಎಂಟುನೂರು ವರ್ಷಕ್ಕೂ ಹಳೆಯ ಒಂದು ವಿಚಾರವಿದೆ ಎಂದು ತಿಳಿದದ್ದು, ದೊಡ್ಡವನಾಗಿ ಆಯ್ದಕ್ಕಿ ಲಕ್ಕಮ್ಮನ ವಚನಗಳನ್ನು ಓದಿದಾಗ.

ಹನ್ನೆರಡನೆಯ ಶತಮಾನ. ಈಗಿನ ರಾಯಚೂರು ಜಿಲ್ಲೆಯ ಅಮರೇಶ್ವರದ ಕಡೆಯಿಂದ ಕಲ್ಯಾಣಕ್ಕೆ ಬಂದ ಬಡ ದಂಪತಿ, ಮಾರಯ್ಯ ಮತ್ತು ಲಕ್ಕಮ್ಮ. ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಹಾಗೆ ಆಯ್ದು ತಂದದ್ದರಲ್ಲೇ ಅಡುಗೆ, ಅದರಲ್ಲೇ ಜಂಗಮರಿಗೆ ದಾಸೋಹ, ಅದರಲ್ಲೇ ತಮ್ಮ ಊಟ. ಯೋಚನೆ ಮಾಡಿ ನೋಡಿ. ಇನ್ನೊಬ್ಬರ ಅಂಗಳದಲ್ಲಿ ಬಿದ್ದ ಕಾಳಿನಿಂದ ಬದುಕುವವರು ತಮ್ಮ ಮನೆಗೆ ಬಂದವರಿಗೆ ಬಡಿಸುತ್ತಿದ್ದಾರೆ.

ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಬಸವಣ್ಣನವರೇ ಪರೀಕ್ಷೆಗೆಂದು ಹೆಚ್ಚು ಚೆಲ್ಲಿಸಿದ್ದರು ಎಂದು ಕತೆ ಹೇಳುತ್ತದೆ. ಮಾರಯ್ಯನ ಮನಸ್ಸಿನಲ್ಲಿ ಇದ್ದದ್ದಾದರೂ ಏನು? ಹೆಚ್ಚು ಅಕ್ಕಿ ಇದ್ದರೆ ಹೆಚ್ಚು ಜನಕ್ಕೆ ಉಣಬಡಿಸಬಹುದು ಎಂಬುದೇ ಇದ್ದೀತು. ಕೆಟ್ಟದ್ದೇನಲ್ಲವಲ್ಲ! ಆದರೆ ಲಕ್ಕಮ್ಮ ಒಪ್ಪಲಿಲ್ಲ. "ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ?" ಎಂದು ಗಂಡನನ್ನೇ ಕೇಳಿದಳು. "ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ" ಎಂದಳು. ಇನ್ನೊಂದು ವಚನದಲ್ಲಿ ಮಾತು ಇನ್ನೂ ಖಚಿತ: "ಒಮ್ಮನವ ಮೀರಿ ಇಮ್ಮನದಲ್ಲಿ ತಂದಿರಿ." ಒಂದು ಮನಸ್ಸಿನಿಂದ ಹೋದವರು ಎರಡು ಮನಸ್ಸು ಮಾಡಿ ತಂದಿರಿ, ಇದು ದೇವರಿಗೆ ಸಲ್ಲದ ಬೋನ, "ಅಲ್ಲಿಯೆ ಸುರಿದು ಬನ್ನಿ ಮಾರಯ್ಯಾ."

ನಾನು ಈ ಮಾತಿನ ಮುಂದೆ ಬಹಳ ದಿನ ನಿಂತಿದ್ದೇನೆ. ತಮಗಾಗಿ ಕೂಡಿಡುವುದು ಆಸೆ ಎಂದು ಎಲ್ಲರೂ ಹೇಳುತ್ತಾರೆ. ಕೊಡುವುದರಲ್ಲೂ ಆಸೆ ಇರಬಹುದು ಎಂದು ಕಂಡವಳು ಲಕ್ಕಮ್ಮ. ಇನ್ನಷ್ಟು ಕೊಡಬೇಕು, ನಾಲ್ಕು ಜನ ನೋಡುವಷ್ಟು ಕೊಡಬೇಕು ಎಂಬ ಹಸಿವು, ದಾನದ ವೇಷ ಹಾಕಿಕೊಂಡು ಬರುವ ಅದೇ ಹಳೆಯ ಹಸಿವು. ತನ್ನ ದುಡಿಮೆಯಿಂದ ಬಾರದ ಅಕ್ಕಿಯನ್ನು ಬಡಿಸಿ ಪುಣ್ಯ ಕಟ್ಟಿಕೊಳ್ಳಲು ಆಕೆಗೆ ಇಷ್ಟವಿರಲಿಲ್ಲ. ಬಡತನವೂ ಆಕೆಯನ್ನು ಹೆದರಿಸಲಿಲ್ಲ. "ಮನ ಶುದ್ಧವಿಲ್ಲದವಂಗೆ ದ್ರವ್ಯದ ಬಡತನವಲ್ಲದೆ" ಎಂದು, ಅಂದರೆ ಹಣದ ಬಡತನ ಮನಸ್ಸು ಶುದ್ಧವಿಲ್ಲದವನಿಗೆ ಮಾತ್ರ ಎಂದು, ಹೇಳಿದವಳೂ ಆಕೆಯೇ.

ದಾಸೋಹ ಎಂಬ ಪದವನ್ನೇ ನೋಡಿ. ದಾನ ಎಂದಾಗ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹಂ ಎಂದರೆ ನಾನು ದಾಸ. ಬಡಿಸುವವನು ಬಗ್ಗಿರುತ್ತಾನೆ, ಉಣ್ಣುವವನು ನೆಟ್ಟಗೆ ಕೂತಿರುತ್ತಾನೆ. ಪಂಕ್ತಿಯಲ್ಲಿ ಸಾರಿನ ಬಕೆಟ್ ಹಿಡಿದು ಓಡಾಡಿದವರಿಗೆ ಇದು ಬೆನ್ನಿನ ಅನುಭವ, ಮಾತಿನದಲ್ಲ. "ಮಾಡಿದೆನೆಂಬುದು ಮನದಲ್ಲಿ ಹೊಳೆದಡೆ ಏಡಿಸಿ ಕಾಡಿತ್ತು ಶಿವನ ಡಂಗುರ" ಎಂದು ಬಸವಣ್ಣನವರು ಎಚ್ಚರಿಸಿದ್ದು ಇದಕ್ಕೇ. ಬಾಯಿಂದ ಹೇಳುವುದು ಹಾಗಿರಲಿ, ಮನಸ್ಸಿನಲ್ಲಿ ಹೊಳೆದರೂ ಸಾಕು ಎನ್ನುತ್ತಾರೆ ಅವರು.

ನನ್ನದೇ ಒಂದು ವಿಷಯ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ನೆಂಟರ ಹುಡುಗನೊಬ್ಬನ ಕಾಲೇಜಿನ ಶುಲ್ಕ ಕಟ್ಟಿದೆ. ಯಾರಿಗೂ ಹೇಳಲಿಲ್ಲ. ಹೇಳದೆ ಇದ್ದುದಕ್ಕೇ ನಾನು ನಿಸ್ವಾರ್ಥಿ ಎಂದುಕೊಂಡಿದ್ದೆ. ಅವನು ಓದು ಮುಗಿಸಿದ, ಕೆಲಸ ಸಿಕ್ಕಿತು, ಆ ಸುದ್ದಿ ನನಗೆ ಇನ್ಯಾರಿಂದಲೋ ತಿಳಿಯಿತು. ಆ ರಾತ್ರಿ ನಿದ್ದೆ ಬರಲಿಲ್ಲ. ಒಂದು ಫೋನ್ ಮಾಡಬಾರದಿತ್ತೇ ಎಂದು ಮನಸ್ಸು ಕುದಿಯಿತು. ಬೆಳಗಿನ ಜಾವದ ಹೊತ್ತಿಗೆ ಒಂದು ಸಂಗತಿ ಸ್ಪಷ್ಟವಾಯಿತು. ನಾನು ಕೊಟ್ಟಿರಲಿಲ್ಲ, ಸಾಲ ಕೊಟ್ಟಿದ್ದೆ. ಬಡ್ಡಿ ಹಣದಲ್ಲಿ ಬೇಕಿರಲಿಲ್ಲ, ಕೃತಜ್ಞತೆಯಲ್ಲಿ ಬೇಕಿತ್ತು. ಆ ಹುಡುಗನಿಗೆ ಗೊತ್ತೇ ಇಲ್ಲದ ಒಂದು ಲೆಕ್ಕದ ಪುಸ್ತಕವನ್ನು ಅಷ್ಟೂ ವರ್ಷ ನಾನೊಬ್ಬನೇ ಹೊತ್ತಿದ್ದೆ. ಆಗ ನೆನಪಾದದ್ದು ಅಜ್ಜಿಯ ಮಾತು, ಅಳೀಬೇಡ ಮಗ.

ನಿಸ್ವಾರ್ಥವಾಗಿ ಕೊಡುವುದರ ಆಧ್ಯಾತ್ಮಿಕ ಫಲ ಏನು ಎಂದು ಕೇಳಿದರೆ ನನಗೆ ತೋಚುವುದು ಇಷ್ಟೇ: ಆ ಪುಸ್ತಕದ ಭಾರ ಇಳಿಯುತ್ತದೆ. ಮುಂದಿನ ಜನ್ಮಕ್ಕೆ ಕಾಯಬೇಕಿಲ್ಲ, ಅಂದೇ ಇಳಿಯುತ್ತದೆ. ನಾನು ಎಂಬುದು ಒಂದು ಹಿಡಿಯಷ್ಟು ಕರಗುತ್ತದೆ.

ತುಮಕೂರಿನ ಸಿದ್ಧಗಂಗಾ ಮಠದ ಡಾ. ಶಿವಕುಮಾರ ಸ್ವಾಮೀಜಿಯವರು 2019ರ ಜನವರಿ 21ರಂದು, ತಮ್ಮ 111ನೇ ವಯಸ್ಸಿನಲ್ಲಿ, ಲಿಂಗೈಕ್ಯರಾದರು. ಸುಮಾರು ಹತ್ತು ಸಾವಿರ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟ ಮಠ ಅದು. ಅವರ ಬಗ್ಗೆ ಹೇಳಲು ಬಹಳ ಇದೆ, ನಾನು ಒಂದನ್ನೇ ಹೇಳುತ್ತೇನೆ. ಅವರು ಉಸಿರು ನಿಲ್ಲಿಸಿದ್ದು ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು. ಸುದ್ದಿಯನ್ನು ಹೊರಗೆ ಹೇಳಿದ್ದು ಮಕ್ಕಳ ಊಟ ಮುಗಿದ ಮೇಲೆ. ಮಕ್ಕಳು ಹಸಿದು ಎಲೆ ಬಿಟ್ಟು ಏಳಬಾರದು ಎಂಬುದು ಅವರ ಇಚ್ಛೆಯಾಗಿತ್ತು. ತನ್ನ ಸಾವಿನ ಹೊತ್ತನ್ನೂ ಒಬ್ಬರು ಹಾಗೆ ಪಕ್ಕಕ್ಕೆ ಸರಿಸಿ ಇಟ್ಟರು.

ಮಠಕ್ಕೆ, ದೇವಸ್ಥಾನಕ್ಕೆ ಹೋಗಲಾಗದವರಿಗೂ ಒಂದು ದಾಸೋಹ ಇದೆ. ರಕ್ತದಾನ. ಹೆಸರಿನಲ್ಲಿ ದಾನ ಎಂದಿದ್ದರೂ ನನ್ನ ಕಣ್ಣಿಗೆ ಅದು ದಾಸೋಹವೇ. ನೀವು ಕೊಟ್ಟ ರಕ್ತದ ಚೀಲದ ಮೇಲೆ ಗುಂಪು, ಸಂಖ್ಯೆ, ದಿನಾಂಕ ಇರುತ್ತವೆ, ನಿಮ್ಮ ಹೆಸರು ಇರುವುದಿಲ್ಲ. ಅದನ್ನು ಕೆಂಪುಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಎಂದು ಬೇರ್ಪಡಿಸಿದರೆ ಬೇರೆ ಬೇರೆ ವಾರ್ಡುಗಳಲ್ಲಿ ಮಲಗಿರುವ ಮೂವರಿಗೆ ಹೋಗಬಹುದು. ಹೆರಿಗೆಯ ಹೆಂಗಸಿಗೋ, ಡೆಂಗಿಯ ಮಗುವಿಗೋ ನಿಮಗೆ ತಿಳಿಯದು. ಅವರು ಯಾವ ಜಾತಿ ಎಂದು ಕೇಳುವಂತಿಲ್ಲ, ಧನ್ಯವಾದ ಹೇಳಲು ಅವರು ನಿಮ್ಮ ಮನೆ ಹುಡುಕುವಂತಿಲ್ಲ. ಇಲ್ಲೂ ಲಕ್ಕಮ್ಮನ ಅಳತೆಯೇ. 350 ಮಿಲಿಲೀಟರ್, ತೂಕ ಹೆಚ್ಚಿದ್ದವರಿಂದ 450. ಒಮ್ಮೆ ಕೊಟ್ಟರೆ ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಕಾಯಬೇಕು. ಎಷ್ಟೇ ಉತ್ಸಾಹ ಇರಲಿ, ಅದಕ್ಕೂ ಮೊದಲು ಹೋದರೆ ವಾಪಸ್ ಕಳಿಸುತ್ತಾರೆ. ನಿಮ್ಮ ಮೈ ಮತ್ತೆ ದುಡಿದು ಕೂಡಿಸಿದ ಮೇಲೆ ಬನ್ನಿ ಎಂದು.

ಒಂದು ಮಾತು ಕೇಳಿಕೊಳ್ಳುವುದಿದೆ. ಅಕ್ಕಿ ಚೀಲ ಕೊಡುವಾಗ, ಕಂಬಳಿ ಹೊದಿಸುವಾಗ, ದಯವಿಟ್ಟು ಪಡೆಯುವವರ ಮುಖದ ಫೋಟೋ ತೆಗೆಯಬೇಡಿ. ಗೋಡೆಯ ಕಲ್ಲಿನ ಮೇಲೆ ಹೆಸರು ಬರೆಸಿದವರನ್ನು ನಾನು ಹೀಗಳೆಯುವುದಿಲ್ಲ, ಆ ಹೆಸರು ನೋಡಿ ಇನ್ನೊಬ್ಬರು ಕೊಟ್ಟಾರು. ಆದರೆ ಹಸಿದವನ ಮುಖ ಅವನದು. ಆ ಹೊತ್ತಿನಲ್ಲಿ ಅವನಿಗೆ ಉಳಿದಿರುವುದು ಅದೊಂದೇ ಇರಬಹುದು.

ಮಠದ ಗಾಡಿ ಹೋದ ಮೇಲೆ ಅಜ್ಜಿ ಗಡಿಗೆಯನ್ನು ತೊಳೆದು, ಬಿಸಿಲಿಗೆ ಬೋರಲು ಹಾಕುತ್ತಿದ್ದಳು. ಸಂಜೆ ಅದನ್ನು ಒಳಗೆ ತಂದು ಅದೇ ಮೂಲೆಯಲ್ಲಿ ಇಡುತ್ತಿದ್ದಳು. ಮರುದಿನ ಬೆಳಿಗ್ಗೆ ಬರಿ ಗಡಿಗೆಯ ತಳಕ್ಕೆ ಮೊದಲ ಹಿಡಿ ಬೀಳುವ ಸದ್ದು ನಾನು ಮಲಗಿದ್ದಲ್ಲಿಗೇ ಕೇಳಿಸುತ್ತಿತ್ತು.

ನಮಸ್ಕಾರ.